ಧರೆಯ ಬಿಲದ ಜೇಡಕ್ಕೆ ಹೆಸರು ಹಚ್ಚುವುದು ಹೇಗೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ದೊಡ್ಡ ಜೇಡಗಳದ್ದೇ ಸಿಂಹಪಾಲು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ. ಪತ್ರ ಬರೆದವರ ಹೆಸರಿನ ಬದಲು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಅಡಿಕೆ ತೋಟಕ್ಕೆ ಇಳಿಯುವ ದಾರಿಯ ಧರೆಯಲ್ಲಿ (ಕಡಿದಾದ ಮಣ್ಣಿನ ದಿಬ್ಬದಲ್ಲಿ) ಹೆಬ್ಬೆರಳು ತೂರುವಷ್ಟು ಅಗಲದ ಬಿಲಗಳಿವೆ. ಬಾಯಿಯ ಸುತ್ತ ಬಿಳಿ ನೂಲಿನ ಅಂಚು. ರಾತ್ರಿ ಬ್ಯಾಟರಿ ಬಿಟ್ಟರೆ ಕಂದು ಕಾಲುಗಳು ಕಾಣುತ್ತವೆ. ಮೊಬೈಲಿನ ಆ್ಯಪ್ ಚೈಲೋಬ್ರಾಕಿಸ್ ಎನ್ನುತ್ತದೆ, ತಿಳಿದವರೊಬ್ಬರು ಥ್ರಿಗ್ಮೋಪಿಯಸ್ ಎಂದರು. ಯಾವುದು ಸರಿ? – ಶಿರಸಿ

ಉತ್ತರ: ಎರಡೂ ಟರಂಟುಲಾ, ಅಂದರೆ ಮೈತುಂಬ ಕೂದಲಿನ ದೊಡ್ಡ ಜೇಡಗಳ ಕುಟುಂಬದ ಕುಲಗಳು. ನೀವು ಕಳಿಸಿದ ಪಟದಲ್ಲಿ ಮುಂಗಾಲಿನ ತುದಿಗಳಷ್ಟೇ ಇವೆ. ಅಷ್ಟರಿಂದ ಕುಲವನ್ನೂ ಹೇಳಲು ಬಾರದು. ಆ್ಯಪ್ ಹೇಳುವುದು ತನ್ನ ಬಳಿ ಹೆಚ್ಚು ಪಟಗಳಿರುವ ಜೇಡದ ಹೆಸರನ್ನು. ಸಾಕುವವರ ಕೈಯಲ್ಲಿ ಚೈಲೋಬ್ರಾಕಿಸ್ ಪಟಗಳು ಸಾಕಷ್ಟು ಇವೆ, ಥ್ರಿಗ್ಮೋಪಿಯಸ್ ಪಟಗಳು ಕಡಿಮೆ. ಹಾಗಾಗಿ ಅದರ ಒಲವು ಆ ಕಡೆಗೇ.

ಮೊದಲು ಕುಟುಂಬ ಗೊತ್ತಾಗಬೇಕು. ಬಿಲಕ್ಕೆ ಮಣ್ಣು ಮೆತ್ತಿದ ಮುಚ್ಚಳ ಇದ್ದರೆ ಅದು ಬಹುಪಾಲು ಟರಂಟುಲಾ ಅಲ್ಲ. ಈಡಿಯೋಪ್ಸ್, ಹೆಲಿಗ್ಮೋಮೀರಸ್‌ನಂಥ ಮುಚ್ಚಳಬಿಲದ ಜೇಡವಾಗಿರುತ್ತದೆ. ಈಡಿಯೋಪ್ಸ್‌ನ ಎಂಟು ಕಣ್ಣುಗಳಲ್ಲಿ ಎರಡು ಉಳಿದವುಗಳಿಂದ ದೂರ ಸರಿದು ತಲೆ-ಎದೆಯ ಮೇಲಿನ ಗಟ್ಟಿ ಕವಚದ ಮುಂಚೂಣಿ ಅಂಚಿಗೆ ಬಂದಿರುತ್ತವೆ. ಟರಂಟುಲಾದ ಎಂಟೂ ಕಣ್ಣುಗಳು ಒಂದೇ ಪುಟ್ಟ ದಿಬ್ಬದ ಮೇಲೆ ಒತ್ತಾಗಿ ಕೂತಿರುತ್ತವೆ. ಎರಡನೆಯದು ಪಾದದ ತುದಿ: ಟರಂಟುಲಾಕ್ಕೆ ಎರಡೇ ಉಗುರು, ಅವುಗಳ ಕೆಳಗೆ ದಟ್ಟ ಕೂದಲಿನ ಗೊಂಚಲು. ಆ ಗೊಂಚಲಿನಿಂದಲೇ ಅದು ಗಾಜು ಹತ್ತುತ್ತದೆ. ಮುಚ್ಚಳಬಿಲದ ಈಡಿಯೋಪ್ಸ್‌ಗೆ ಮೂರು ಉಗುರು, ಗೊಂಚಲಿಲ್ಲ, ನುಣುಪಾದ ಡಬ್ಬಿಯ ಗೋಡೆ ಹತ್ತಲು ಅದಕ್ಕೆ ಆಗದು. ಮೂರನೆಯದು ಹಿಂಬದಿಯ ನೂಲಿನ ನಳಿಕೆ. ಬ್ಯಾರಿಕೆಲಿಡೆ ಎಂಬ ಇನ್ನೊಂದು ಕುಟುಂಬಕ್ಕೂ ಪಾದದ ಗೊಂಚಲು ಇರುವುದರಿಂದ ಜನ ಎಡವುವುದು ಇಲ್ಲೇ. ಅವುಗಳ ನಳಿಕೆಯ ಕೊನೆಯ ಗೆಣ್ಣು ಮೊಂಡಾಗಿ ಗುಮ್ಮಟದಂತಿದ್ದರೆ ಟರಂಟುಲಾದ್ದು ಉದ್ದಕ್ಕೆ ಚಾಚಿರುತ್ತದೆ.

ಇನ್ನು ಕುಲ. ಚೈಲೋಬ್ರಾಕಿಸ್ ಸೇರಿರುವುದು ಸೆಲೆನೋಕಾಸ್ಮಿನೇ ಎಂಬ ಉಪಕುಟುಂಬಕ್ಕೆ. ಕೋರೆಯ ಬುಡದ ಹೊರಮೈಯಲ್ಲಿ ಮುಳ್ಳುಗೂದಲು, ಅದಕ್ಕೆ ತಾಗುವ ಮ್ಯಾಕ್ಸಿಲ್ಲಾದ (ಬಾಯಿಯ ಪಕ್ಕದ ಗಟ್ಟಿ ಭಾಗದ) ಒಳಮೈಯಲ್ಲಿ ದಪ್ಪ ಕೂದಲುಗಳ ತಟ್ಟೆ, ಇವೆರಡೂ ಉಜ್ಜಿದಾಗ ಬುಸ್ಸೆನ್ನುವ ಸದ್ದು ಬರುತ್ತದೆ. ಈ ತಟ್ಟೆಯ ಆಕಾರ, ಕೂದಲಿನ ಸಾಲುಗಳ ಜೋಡಣೆ, ಒಂದೊಂದು ಕೂದಲ ತುದಿಯ ರೂಪ, ಇವೇ ಆ ಉಪಕುಟುಂಬದಲ್ಲಿ ಕುಲ ಬಿಡಿಸುವ ಗುರುತುಗಳು. ಸತ್ತ ಜೇಡದ ಕೋರೆಯ ಬುಡವನ್ನು ಸರಿಸಿ 10ರಿಂದ 40 ಪಟ್ಟು ಹಿಗ್ಗಿಸುವ ಸ್ಟೀರಿಯೋ ಮೈಕ್ರೋಸ್ಕೋಪಿನಡಿ ನೋಡಿದರೆ ಮಾತ್ರ ಕಾಣುತ್ತದೆ. ಯಾವ ಮೊಬೈಲ್ ಪಟದಲ್ಲೂ ಸಿಗುವುದಿಲ್ಲ. ಬಿಲದಿಂದ ಒಂದು ಅಂದಾಜು ಮಾಡಬಹುದು: ಚೈಲೋಬ್ರಾಕಿಸ್ ಬಾಯಿಯ ಸುತ್ತ ಧಾರಾಳವಾಗಿ, ಕೊಳಕಾಗಿ ಎನ್ನುವಷ್ಟು ಬಲೆ ಹರಡುತ್ತದೆ. ನೀವು ಹೇಳುವ ಅಚ್ಚುಕಟ್ಟಾದ ಅಂಚು ಅದಕ್ಕೆ ಹೊಂದುವುದಿಲ್ಲ. ಧರೆಯಲ್ಲಿ ಸಾಲಾಗಿ ಬಿಲ ಇರುವುದನ್ನೂ ಸೇರಿಸಿದರೆ ಥ್ರಿಗ್ಮೋಪಿಯಸ್ ಎಂದವರ ಮಾತಿಗೆ ತೂಕ ಹೆಚ್ಚು. ಆದರೂ ನಿಮ್ಮ ಟಿಪ್ಪಣಿಯಲ್ಲಿ 'ಥ್ರಿಗ್ಮೋಪಿಯಸ್ ಇರಬಹುದು, ಬಿಲ ಮಾತ್ರ ನೋಡಿದ್ದು' ಎಂದೇ ಬರೆಯಿರಿ.

ಪಟ ತೆಗೆಯುವುದಾದರೆ ಸಂಜೆ ಕತ್ತಲಾಗಿ ಒಂದು ತಾಸಿನ ನಂತರ ಹೋಗಿ, ಟಾರ್ಚಿಗೆ ಕೆಂಪು ಹಾಳೆ ಕಟ್ಟಿ. ಬಿಲದ ಬಾಯಿಗೆ ಒತ್ತಿ ಸ್ಕೇಲ್ ಇಟ್ಟು ಒಂದು ಪಟ. ನಾಣ್ಯ ಇಡಬೇಡಿ, ಬೇರೆ ಬೇರೆ ವರ್ಷದ ಐದು ರೂಪಾಯಿಗಳ ಅಳತೆಯೇ ಬೇರೆ. ಜೇಡ ಹೊರಬಂದರೆ ನೇರ ಮೇಲಿಂದ ಒಂದು, ಎದುರಿನಿಂದ ಕಣ್ಣಿನ ದಿಬ್ಬಕ್ಕೆ ಫೋಕಸ್ ಮಾಡಿ ಒಂದು, ಹಿಂದಿನಿಂದ ನಳಿಕೆಗೆ ಒಂದು. ಧರೆ ಎಷ್ಟು ಎತ್ತರ, ಯಾವ ದಿಕ್ಕಿಗೆ ಮುಖ, ಮಣ್ಣು ಜಂಬಿಟ್ಟಿಗೆಯೋ ಮೆದು ಮಣ್ಣೋ, ನೆಲದಿಂದ ಬಿಲ ಎಷ್ಟು ಮೇಲೆ, ಇವನ್ನೂ ಬರೆದುಕೊಳ್ಳಿ. ಅಗೆಯಬೇಡಿ. ಹೆಣ್ಣು ವರ್ಷಗಟ್ಟಲೆ ಅದೇ ಬಿಲದಲ್ಲಿ ಬಾಳುತ್ತದೆ. ಬೇಸಿಗೆಯಲ್ಲಿ ಕೆದಕಿದ ಬಿಲವನ್ನು ಗಟ್ಟಿಯಾದ ಮಣ್ಣಿನಲ್ಲಿ ಮತ್ತೆ ತೋಡುವುದು ಅದಕ್ಕೆ ಸುಲಭವಲ್ಲ.

ಪ್ರಶ್ನೆ: ಅಡುಗೆಮನೆಯ ಗೋಡೆಯ ಮೇಲೆ ಅಂಗೈ ಅಗಲದ ಜೇಡ, ಹೊಟ್ಟೆಯಡಿ ಬಿಳಿ ಬಿಲ್ಲೆ ಹೊತ್ತುಕೊಂಡು ಓಡಾಡುತ್ತದೆ. ಟರಂಟುಲಾ ಮರಿ ಹಾಕಲಿದೆಯೇ? – ಅಂಕೋಲಾ

ಉತ್ತರ: ಅಲ್ಲ. ಹೆಟೆರೋಪೋಡಾ ವೆನೆಟೋರಿಯಾ ಎಂಬ ಬೇಟೆಜೇಡದ ಹೆಣ್ಣು, ಬಿಳಿ ಬಿಲ್ಲೆ ಅದರ ಮೊಟ್ಟೆಚೀಲ. ಕರಾವಳಿಯ ಹಂಚಿನ ಮನೆಗಳಲ್ಲಿ ಜಿರಲೆ ಹಿಡಿಯುವ ಜೇಡ ಇದೇ. ಇದರ ಕೋರೆಗಳು ಒಂದಕ್ಕೊಂದು ಎದುರಾಗಿ ಅಡ್ಡಕ್ಕೆ ಕೂಡುತ್ತವೆ. ಟರಂಟುಲಾದ ಕೋರೆಗಳು ಅಕ್ಕಪಕ್ಕ ಸಮಾನಾಂತರವಾಗಿ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಹೊಟ್ಟೆಯ ಕೆಳಗಡೆ ಟರಂಟುಲಾಕ್ಕೆ ಎರಡು ಜೊತೆ ಪುಸ್ತಕ ಶ್ವಾಸಕೋಶಗಳ (ಪುಸ್ತಕದ ಹಾಳೆಗಳಂತೆ ಪದರವಿರುವ ಉಸಿರಾಟದ ಅಂಗಗಳ) ಮಸುಕು ಚೌಕಗಳು ಕಂಡರೆ ಇದಕ್ಕೆ ಒಂದೇ ಜೊತೆ. ಓಡಿಸಬೇಡಿ, ಬಿಲ್ಲೆ ಒಡೆದು ಮರಿಗಳು ಹೊರಬಿದ್ದ ಮೇಲೆ ತಾವೇ ಚದುರುತ್ತವೆ.

ಪ್ರಶ್ನೆ: ನಮ್ಮ ಜಿಲ್ಲೆಯ ಹೆಸರಿನ ಟರಂಟುಲಾ ಇದೆ ಎಂದು ವಿದ್ಯಾರ್ಥಿಗಳಿಗೆ ಹೇಳಿದೆ, ಒಬ್ಬ ನಂಬಲಿಲ್ಲ. ವಿವರ ಕೊಡಿ. ವೈಜ್ಞಾನಿಕ ಹೆಸರಿನ ಮುಂದೆ ಲೇಖಕರ ಹೆಸರನ್ನು ಕೆಲವೆಡೆ ಆವರಣದಲ್ಲಿ, ಕೆಲವೆಡೆ ಹಾಗೇ ಬರೆಯುವುದು ಏಕೆ? – ಕಾರವಾರ

ಉತ್ತರ: ನೀವು ಹೇಳಿದ್ದು ಸರಿ. ನಿಯೋಹೆಟೆರೋಫ್ರಿಕ್ಟಸ್ ಉತ್ತರಕನ್ನಡ ಎಂಬ ಪ್ರಭೇದವನ್ನು ಸಿಲಿವಾಲ್, ಗುಪ್ತಾ ಮತ್ತು ರೇವನ್ 2012ರಲ್ಲಿ ವಿವರಿಸಿದರು. ಅದೇ ವರ್ಷ, ಅದೇ ಮೂವರಿಂದ ನಿಯೋಹೆಟೆರೋಫ್ರಿಕ್ಟಸ್ ಸಹ್ಯಾದ್ರಿ ಕೂಡ ಬಂತು. ಕಾರವಾರಕ್ಕೆ ಇದಕ್ಕಿಂತ ಹಳೆಯ ನಂಟು: ಥ್ರಿಗ್ಮೋಪಿಯಸ್ ಕುಲವನ್ನೂ ಅದರ ಥ್ರಿಗ್ಮೋಪಿಯಸ್ ಇನ್ಸಿಗ್ನಿಸ್, ಥ್ರಿಗ್ಮೋಪಿಯಸ್ ಟ್ರುಕ್ಯುಲೆಂಟಸ್ ಎಂಬ ಎರಡು ಪ್ರಭೇದಗಳನ್ನೂ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೊಕಾಕ್ 1899ರಲ್ಲಿ, ಆಗ ಉತ್ತರ ಕೆನರಾ ಎನ್ನುತ್ತಿದ್ದ ಈ ಸೀಮೆಯಿಂದ ಹೋದ ಮಾದರಿಗಳನ್ನು ನೋಡಿ ವಿವರಿಸಿದ. ಟ್ರುಕ್ಯುಲೆಂಟಸ್‌ಗೆ ಇಂಗ್ಲಿಷಿನ ರೂಢಿಯ ಹೆಸರೇ 'ಕಾರ್ವಾರ್ ಲಾರ್ಜ್ ಬರೋಯಿಂಗ್ ಸ್ಪೈಡರ್'. 2009ರಲ್ಲಿ ಸಿಲಿವಾಲ್ ಮತ್ತು ಮೊಲೂರ್ ಅದನ್ನು ಮರುವಿವರಿಸಿದರು. ನೂರು ವರ್ಷದ ಹಿಂದಿನ ವಿವರಣೆ ಕೆಲವೇ ಸಾಲಿನದು, ಚಿತ್ರವೂ ಸಾಕಾಗದು. ಹೊಸ ಮಾದರಿ ಹಿಡಿದು, ಅಳೆದು, ವೀರ್ಯಸಂಚಿಯ (ಹೆಣ್ಣಿನ ಹೊಟ್ಟೆಯಲ್ಲಿ ಗಂಡಿನ ವೀರ್ಯ ಕೂಡಿಡುವ ಚೀಲದ) ಚಿತ್ರ ಕೊಟ್ಟು ಬರೆದರಷ್ಟೇ ಈಗಿನವರಿಗೆ ಹೋಲಿಸಲು ಬರುತ್ತದೆ.

ಆವರಣದ ಲೆಕ್ಕ ಸರಳ. ಲೇಖಕ ಮೊದಲು ಯಾವ ಕುಲದಲ್ಲಿ ಇಟ್ಟನೋ ಪ್ರಭೇದ ಈಗಲೂ ಅಲ್ಲೇ ಇದ್ದರೆ ಆವರಣವಿಲ್ಲ: ಥ್ರಿಗ್ಮೋಪಿಯಸ್ ಟ್ರುಕ್ಯುಲೆಂಟಸ್ ಪೊಕಾಕ್, 1899. ಬೇರೆ ಕುಲಕ್ಕೆ ವರ್ಗವಾಗಿದ್ದರೆ ಆವರಣ ಬರುತ್ತದೆ: ನಿಯೋಹೆಟೆರೋಫ್ರಿಕ್ಟಸ್ ಭೋರಿ (ಗ್ರೇವ್ಲಿ, 1915). ಇದನ್ನು ಗ್ರೇವ್ಲಿ ಇಟ್ಟಿದ್ದು ಪ್ಲೀಸಿಯೋಫ್ರಿಕ್ಟಸ್ ಎಂಬ ಕುಲದಲ್ಲಿ. ಆವರಣ ಕಂಡೊಡನೆ ಹಳೆಯ ಬರಹಗಳಲ್ಲಿ ಇನ್ನೊಂದು ಕುಲದ ಹೆಸರಿನಡಿ ಹುಡುಕಬೇಕು ಎಂದು ತಿಳಿಯಿರಿ. ಹುಡುಕಲು ಒಳ್ಳೆಯ ಜಾಗ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವಸ್ತುಸಂಗ್ರಹಾಲಯ ನಡೆಸುವ ವಿಶ್ವ ಜೇಡ ಪಟ್ಟಿ, ಅಂದರೆ ವರ್ಲ್ಡ್ ಸ್ಪೈಡರ್ ಕ್ಯಾಟಲಾಗ್. ಯಾರು, ಯಾವಾಗ, ಗಂಡನ್ನು ವಿವರಿಸಿದರೋ ಹೆಣ್ಣನ್ನೋ ಎಂಬುದೂ ಅದರಲ್ಲಿ ಸಿಗುತ್ತದೆ.

ವಿದ್ಯಾರ್ಥಿಗಳಿಗೆ ಇನ್ನೊಂದನ್ನು ಹೇಳಬಹುದು. ಪ್ರಾಣಿಗಳ ಹೆಸರಿನ ಲೆಕ್ಕ ಲಿನ್ನೇಯಸ್‌ನ 1758ರ ಪುಸ್ತಕದಿಂದ ಶುರು, ಆದರೆ ಜೇಡಗಳಿಗೆ ವಿನಾಯಿತಿ ಇದೆ. ಸ್ವೀಡನ್ನಿನ ಕ್ಲೆರ್ಕ್ 1757ರಲ್ಲೇ ಜೇಡಗಳ ಪುಸ್ತಕ ತಂದಿದ್ದ. ನಿಯಮಾವಳಿ ಎರಡೂ ಪುಸ್ತಕಗಳನ್ನು 1758ರ ಜನವರಿ 1ರವು ಎಂದು ಎಣಿಸಿ, ಜೇಡಗಳಲ್ಲಿ ಕ್ಲೆರ್ಕ್‌ನ ಹೆಸರಿಗೆ ಮೊದಲ ಮಣೆ ಕೊಡುತ್ತದೆ.

ಪ್ರಶ್ನೆ: ತೋಟದ ಬಾವಿಯಲ್ಲಿ ದೊಡ್ಡ ಜೇಡ ಸತ್ತು ತೇಲುತ್ತಿತ್ತು. ಎತ್ತಿ ಹ್ಯಾಂಡ್ ಸ್ಯಾನಿಟೈಸರಿನ ಬಾಟಲಿಯಲ್ಲಿ ಹಾಕಿಟ್ಟಿದ್ದೇನೆ. ಗುರುತಿಸುವವರಿಗೆ ಕಳಿಸುವ ತನಕ ಕೆಡದಂತೆ ಇಡುವುದು ಹೇಗೆ? ಕಾಲೇಜಿನಲ್ಲಿ ಫಾರ್ಮಲಿನ್ ಇದೆ. – ಯಲ್ಲಾಪುರ

ಉತ್ತರ: ಸ್ಯಾನಿಟೈಸರಿನಿಂದ ಇಂದೇ ತೆಗೆಯಿರಿ. ಅದರ ಜೆಲ್ ಕೂದಲಿಗೆ ಮೆತ್ತಿಕೊಂಡರೆ ಬಿಡುವುದಿಲ್ಲ, ಕೂದಲೇ ಇಲ್ಲಿ ಮುಖ್ಯ ಗುರುತು. ಫಾರ್ಮಲಿನ್ ಬೇಡವೇ ಬೇಡ: ಕೀಲುಗಳು ಮರಗಟ್ಟಿ ಕಾಲು ಮಡಚಿದರೆ ಮುರಿಯುತ್ತದೆ, ಡಿಎನ್‌ಎ ಕೆಲಸಕ್ಕೂ ಬಾರದು. ಬೇಕಾದ್ದು ಎಥೆನಾಲ್, ಶೇ 70ರಿಂದ 75ರ ತೀವ್ರತೆಯದು. ಶೇ 95ರದ್ದು ಸಿಕ್ಕರೆ 74 ಮಿಲಿ ತೆಗೆದು ಶುದ್ಧೀಕರಿಸಿದ ನೀರು ಸೇರಿಸಿ 100 ಮಿಲಿ ಮಾಡಿ. ಬಾವಿ ನೀರು ಸೇರಿಸಿದರೆ ಕೆಲವೆಡೆ ತಳದಲ್ಲಿ ಬಿಳಿ ಪುಡಿ ಕೂರುತ್ತದೆ. ಎಥೆನಾಲ್ ಸಿಗುವ ತನಕ ಜೇಡವನ್ನು ಜಿಪ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡುವುದೇ ಒಳ್ಳೆಯದು. ಔಷಧದಂಗಡಿಯ ಸರ್ಜಿಕಲ್ ಸ್ಪಿರಿಟ್ ಕೆಲ ದಿನದ ಮಟ್ಟಿಗೆ ನಡೆಯುತ್ತದೆ.

ಎಥೆನಾಲಿಗೆ ಹಾಕುವ ಮೊದಲು ಬಣ್ಣದ ಪಟ ತೆಗೆಯಿರಿ, ಮೇಲಿನಿಂದ ಒಂದು, ಹೊಟ್ಟೆಯ ಕಡೆಯಿಂದ ಒಂದು. ವಾರದಲ್ಲಿ ಬಣ್ಣ ಇಳಿದು ಎಲ್ಲವೂ ಒಂದೇ ಕಂದಾಗುತ್ತದೆ. ನಂತರ ಮೂರನೆಯ ಜೊತೆಯ ಒಂದು ಕಾಲನ್ನು ಬುಡದಲ್ಲಿ ಕತ್ತರಿಸಿ ಶೇ 95ರ ಅಥವಾ ಶುದ್ಧ ಎಥೆನಾಲಿನ ಪುಟ್ಟ ನಳಿಕೆಯಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಇದು ಡಿಎನ್‌ಎಗೆ. ಮೊದಲ ಮತ್ತು ನಾಲ್ಕನೆಯ ಕಾಲು, ಬಾಯಿಯ ಪಕ್ಕದ ಪುಟ್ಟ ಕಾಲಿನಂಥ ಪಾಲ್ಪ್ ಮುಟ್ಟಬಾರದು, ಗುರುತುಗಳೆಲ್ಲ ಅಲ್ಲೇ ಇವೆ. ಎಷ್ಟು ದಿನ ನೀರಲ್ಲಿ ನೆನೆದಿತ್ತೋ ಗೊತ್ತಿಲ್ಲವಾದ್ದರಿಂದ ನಿಮ್ಮ ಜೇಡದಲ್ಲಿ ಡಿಎನ್‌ಎ ಉಳಿದಿರುವ ಭರವಸೆ ಕಡಿಮೆ, ಆದರೂ ಒಂದು ಕಾಲು ಎತ್ತಿಟ್ಟರೆ ನಷ್ಟವೇನಿಲ್ಲ.

ದೊಡ್ಡ ಜೇಡಗಳು ಹೆಚ್ಚಾಗಿ ಕೆಡುವುದು ಹೊಟ್ಟೆಯೊಳಗಿನಿಂದ. ಹೊರಗಿನ ಎಥೆನಾಲ್ ಒಳಗೆ ತಲುಪುವ ಹೊತ್ತಿಗೆ ಒಳಗು ಕೊಳೆತು ಕಪ್ಪಾಗಿರುತ್ತದೆ, ಜೊತೆಗೆ ವೀರ್ಯಸಂಚಿಯೂ ಹೋಗುತ್ತದೆ. ಸೂಜಿಯ ಸಿರಿಂಜಿನಲ್ಲಿ 1ರಿಂದ 2 ಮಿಲಿ ಎಥೆನಾಲನ್ನು ಹೊಟ್ಟೆಯ ಪಕ್ಕದಿಂದ, ಹಿಂಭಾಗಕ್ಕೆ ಚುಚ್ಚಿ ತುಂಬಿ. ಕೆಳಗಡೆ ಮುಂದಿನ ಶ್ವಾಸಕೋಶಗಳ ನಡುವಿನ ಅಡ್ಡ ಗೆರೆಯ ಹತ್ತಿರ ಮಾತ್ರ ಚುಚ್ಚಬೇಡಿ, ವೀರ್ಯಸಂಚಿ ಇರುವುದು ಅದರ ಒಳಗೆ. ಅಗಲ ತಟ್ಟೆಯಲ್ಲಿ ಕಾಲು ಚಾಚಿಸಿ, ಎಥೆನಾಲ್ ಮುಳುಗುವಷ್ಟು ಹಾಕಿ, ಮುಚ್ಚಿ ಒಂದು ದಿನ ಬಿಡಿ. ಗಟ್ಟಿಯಾದ ಮೇಲೆ ಬಿಗಿ ಮುಚ್ಚಳದ ಜಾಡಿಗೆ ಹಾಕಿ. ಜೇಡದ ಗಾತ್ರದ ಹತ್ತು ಪಟ್ಟಾದರೂ ದ್ರವ ಇರಬೇಕು. ಮರುದಿನ ಒಮ್ಮೆ, ವಾರದ ನಂತರ ಒಮ್ಮೆ ದ್ರವ ಬದಲಿಸಿ. ಮೈಯ ನೀರು ಹೊರಬಂದು ಎಥೆನಾಲ್ ತೆಳುವಾಗುವುದರಿಂದ ಈ ಶ್ರಮ. ಬೆಂಕಿಯಿಂದ ದೂರ, ಕತ್ತಲ ಕಪಾಟಿನಲ್ಲಿಡಿ.

ಲೇಬಲ್ ಜಾಡಿಯ ಒಳಗಿರಬೇಕು, ದಪ್ಪ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದದ್ದಿರಬೇಕು. ಬಾಲ್ ಪೆನ್ನು, ಜೆಲ್ ಪೆನ್ನುಗಳ ಶಾಯಿ ಎಥೆನಾಲಿನಲ್ಲಿ ಕರಗುತ್ತದೆ. ಹೊರಗೆ ಅಂಟಿಸಿದ್ದು ನಮ್ಮ ಮಳೆಗಾಲದ ತೇವಕ್ಕೆ ಉದುರುತ್ತದೆ. ಬರೆಯಬೇಕಾದ್ದು: ದೇಶ, ರಾಜ್ಯ, ಜಿಲ್ಲೆ, ತಾಲೂಕು, ಊರು, ಅಕ್ಷಾಂಶ ರೇಖಾಂಶ ದಶಮಾಂಶದಲ್ಲಿ ನಾಲ್ಕು ಅಂಕಿಗಳವರೆಗೆ (ನಾಲ್ಕನೆಯ ಅಂಕಿ ಸುಮಾರು 11 ಮೀಟರಿನಷ್ಟು ನಿಖರ), ಸಮುದ್ರಮಟ್ಟದಿಂದ ಎತ್ತರ, 'ಅಡಿಕೆ ತೋಟದ ಬಾವಿ, ಸತ್ತು ತೇಲುತ್ತಿತ್ತು' ಎಂಬ ಸಾಲು, ದಿನಾಂಕ, ಎತ್ತಿದವರ ಹೆಸರು. 'ಯಲ್ಲಾಪುರ' ಎಂದಷ್ಟೇ ಬರೆದರೆ ಘಟ್ಟದ ಮೇಲಿನದ್ದೋ ಕೆಳಗಿನದ್ದೋ ಮುಂದಿನವರಿಗೆ ತಿಳಿಯದು. ಇನ್ನೊಂದು ಎಚ್ಚರಿಕೆ: ಇದು ನಿಮ್ಮ ಸ್ವಂತ ತೋಟದ ಮಾತು. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಅನುಮತಿಯಿಲ್ಲದೆ ಸತ್ತದ್ದನ್ನೂ ಎತ್ತಬೇಡಿ.

ಪ್ರಶ್ನೆ: ಬಿಲದ ಬಾಯಿಯಲ್ಲಿ ಜೇಡದ ಪೊರೆ ಸಿಕ್ಕಿದೆ. ಇದರಿಂದ ಏನಾದರೂ ತಿಳಿಯುತ್ತದೆಯೇ? – ಹೊನ್ನಾವರ

ಉತ್ತರ: ಜೀವಂತ ಜೇಡವನ್ನು ಮುಟ್ಟದೆ ಸಿಗುವ ಅತಿ ಒಳ್ಳೆಯ ಸಾಮಗ್ರಿ ಇದು, ಎಸೆಯಬೇಡಿ. ಹೆಣ್ಣು ಟರಂಟುಲಾ ಪೊರೆ ಬಿಡುವಾಗ ವೀರ್ಯಸಂಚಿಯ ಒಳಪದರವನ್ನೂ ಕಳಚುತ್ತದೆ. ಹಾಗಾಗಿಯೇ ಪೊರೆ ಬಿಟ್ಟ ಹೆಣ್ಣು ಮತ್ತೆ ಗಂಡಿನ ಜೊತೆ ಕೂಡಬೇಕಾಗುತ್ತದೆ.

ಪೊರೆಯನ್ನು ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿ ಹಾಕಿ, ಪಾತ್ರೆ ತೊಳೆಯುವ ದ್ರವ ಒಂದು ಹನಿ ಬಿಡಿ. ಒಂದೆರಡು ತಾಸಿನಲ್ಲಿ ಮೆದುವಾಗುತ್ತದೆ. ಒಣಗಿದ್ದನ್ನು ಬಿಡಿಸಲು ಹೋದರೆ ಪುಡಿಯಾಗುವುದು ಖಂಡಿತ. ಹೊಟ್ಟೆಯ ಭಾಗ ಸುಕ್ಕುಗಟ್ಟಿ ಮುದ್ದೆಯಾಗಿರುತ್ತದೆ, ಚಿತ್ರ ಬಿಡಿಸುವ ಮೆದು ಕುಂಚದಿಂದ ನೀರಿನೊಳಗೇ ಬಿಡಿಸಿ, ಒಳಮೈ ಮೇಲೆ ಬರುವಂತೆ ಹರಡಿ. ನಾಲ್ಕು ಬಿಳಿ ತೇಪೆಗಳು ಕಾಣುತ್ತವೆ, ಅವು ಶ್ವಾಸಕೋಶದ ಪೊರೆಗಳು. ಮುಂದಿನ ಎರಡರ ನಡುವೆ ಅಡ್ಡ ಸೀಳಿದೆ. ಆ ಸೀಳಿನ ಮುಂದಂಚಿನಿಂದ ಒಳಕ್ಕೆ ಎದ್ದು ನಿಂತ ಪುಟ್ಟ ಹಾಳೆಯೋ ಜೋಡಿ ಗುಬುಟೋ ಇದ್ದರೆ ಹೆಣ್ಣು. ಏನೂ ಇಲ್ಲದಿದ್ದರೆ ಗಂಡು, ಇಲ್ಲವೇ ಮರಿ. ಮರಿಗಳಲ್ಲಿ ಇದು ತೀರಾ ಸಣ್ಣದಾದ್ದರಿಂದ ಬರಿಗಣ್ಣಿನ ತೀರ್ಪು ಬೇಡ. ಚೈಲೋಬ್ರಾಕಿಸ್‌ನಲ್ಲಿ ಎರಡು ಬೇರೆ ಬೇರೆ ಗುಬುಟುಗಳು. ಮರದ ಪೊಟರೆಯ ಪೀಸಿಲೋಥೀರಿಯಾದಲ್ಲಿ ಎರಡೂ ಬೆಸೆದು ಒಂದೇ ಅಗಲ ತಗಡಾಗಿರುತ್ತದೆ. ಕುಲ ಬಿಡಿಸಲು ಇದೂ ನೆರವಾಗುತ್ತದೆ. ನೋಡಿದ ಮೇಲೆ ಶೇ 70ರ ಎಥೆನಾಲಿನಲ್ಲಿ, ಲೇಬಲ್ ಸಮೇತ ಇಡಿ. ಒಣಗಿಸಿ ಬೆಂಕಿಪೊಟ್ಟಣದಲ್ಲಿಟ್ಟರೆ ಆಷಾಢದೊಳಗೆ ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ: ಕಾಡು ತೋರಿಸುವ ಗೈಡ್ ಕೆಲಸ ಮಾಡುತ್ತೇನೆ. ಯಾವ ಪುಸ್ತಕದಲ್ಲೂ ಇಲ್ಲದ ಟರಂಟುಲಾ ಕಂಡಿದೆ. ಹೊಸ ಪ್ರಭೇದ ಎಂದಾದರೆ ನಾನೇ ಹೆಸರಿಡಬಹುದೇ? ಏನೇನು ಮಾಡಬೇಕು? – ಜೋಯಿಡಾ

ಉತ್ತರ: ಹೆಸರಿಡಲು ಪದವಿ ಬೇಕೆಂದು ಎಲ್ಲೂ ಬರೆದಿಲ್ಲ. ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ನಿಯಮಾವಳಿ ಕೇಳುವುದು ಕೆಲಸದ ರೀತಿಯನ್ನು. ಆದರೆ ಪುಸ್ತಕದಲ್ಲಿಲ್ಲ ಎಂಬುದು ಹೊಸತು ಎನ್ನುವುದಕ್ಕೆ ಸಾಕ್ಷಿಯಲ್ಲ. ಟರಂಟುಲಾ ಕುಟುಂಬದಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ, ಭಾರತದ ಹಲವಕ್ಕೆ ಬಣ್ಣದ ಪಟವೇ ಇಲ್ಲ. ಹೊಸದೆನ್ನುವ ಮುನ್ನ ಅದೇ ಕುಲದ ಹಳೆಯ ಪ್ರಭೇದಗಳ ಮೂಲಮಾದರಿಗಳ, ಅಂದರೆ ಹೆಸರಿಡುವಾಗ ಆಧಾರವಾಗಿದ್ದ ಜೇಡಗಳ ಜೊತೆ ಹೋಲಿಸಬೇಕು. ಪೊಕಾಕ್‌ನ ಮಾದರಿಗಳು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿವೆ. ಅಲ್ಲಿಗೆ ಹೋಗಲಾಗದಿದ್ದರೆ ಇನ್ನೊಂದು ದಾರಿ, ಮೂಲಮಾದರಿ ಸಿಕ್ಕ ಊರಿನಿಂದಲೇ ಹೊಸ ಮಾದರಿ ತಂದು ಹೋಲಿಸುವುದು. ಈ ಕಾರಣಕ್ಕೇ ನಮ್ಮ ಜಿಲ್ಲೆಯ ಧರೆಗಳಿಗೆ ಇಷ್ಟು ಬೆಲೆ: ಥ್ರಿಗ್ಮೋಪಿಯಸ್ ಬಗ್ಗೆ ಕೇರಳದಲ್ಲಿ ಬರೆಯುವವರೂ ಇಲ್ಲಿಯ ಜೇಡ ನೋಡಬೇಕಾಗುತ್ತದೆ.

ಸಿಕ್ಕ ಜಾಗದ ದಾಖಲೆ ತಪ್ಪಿದರೆ ಏನಾಗುತ್ತದೆ ಎನ್ನಲು ಆಂಧ್ರದ ನೀಲಿ ಟರಂಟುಲಾ ಪೀಸಿಲೋಥೀರಿಯಾ ಮೆಟಾಲಿಕಾ ಸಾಕ್ಷಿ. ಪೊಕಾಕ್ 1899ರಲ್ಲಿ ಇದನ್ನು ಗೂಟಿಯ ರೈಲ್ವೆ ಮರದ ದಾಸ್ತಾನಿನಲ್ಲಿ ಸಿಕ್ಕ ಒಂದೇ ಮಾದರಿಯಿಂದ ವಿವರಿಸಿದ. ಮರದ ದಿಮ್ಮಿಯ ಜೊತೆ ರೈಲಿನಲ್ಲಿ ಬಂದಿತ್ತೆಂದು ಕಾಣುತ್ತದೆ. ಗೂಟಿಯ ಸುತ್ತ ಹುಡುಕಿದವರಿಗೆ ಮುಂದಿನ ನೂರು ವರ್ಷ ಸಿಗಲೇ ಇಲ್ಲ. 2001ರಲ್ಲಿ ಮತ್ತೆ ಸಿಕ್ಕಿದ್ದು ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ.

ಹೋಲಿಸಿದ ಮೇಲೂ ಹೊಸದೇ ಅನ್ನಿಸಿದರೆ ಬಲಿತ ಹೆಣ್ಣು, ಬಲಿತ ಗಂಡು ಎರಡೂ ಬೇಕು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿ. ಮರಿಯನ್ನೋ ಒಂಟಿ ಹೆಣ್ಣನ್ನೋ ಹಿಡಿದು, ಬಣ್ಣ ಬೇರೆ ಎಂದು ಬರೆದುಬಿಡುತ್ತಾರೆ. ಆಗತಾನೆ ಪೊರೆ ಬಿಟ್ಟ ಜೇಡ ಕಡುಬಣ್ಣ, ಪೊರೆ ಬಿಡಲು ಬಂದದ್ದು ಬೂದು ಕಂದು. ಜೇಡ ಒಂದೇ, ಬಣ್ಣ ಎರಡು. ಗಂಡಿನಲ್ಲಿ ಪಾಲ್ಪಿನ ತುದಿಯಲ್ಲಿ ವೀರ್ಯ ತುಂಬಿಕೊಳ್ಳುವ ಬಲ್ಬ್ ಮತ್ತು ಅದರ ಮುಳ್ಳಿನ ಬಾಗು, ಮೊದಲ ಕಾಲಿನ ಮೊಣಕಾಲ ಕೆಳಗಿನ ಕೊಕ್ಕೆ ಇದೆಯೋ ಇಲ್ಲವೋ, ಇದ್ದರೆ ಹೇಗಿದೆ ಎಂಬುದು ಮುಖ್ಯ. ಪೀಸಿಲೋಥೀರಿಯಾದ ಗಂಡಿಗೆ ಆ ಕೊಕ್ಕೆಯೇ ಇಲ್ಲ. ಕೊಕ್ಕೆ ಇಲ್ಲದ್ದನ್ನೆಲ್ಲ ಹೆಣ್ಣೆಂದು ತಿಳಿಯುವವರಿಗೆ ಇದು ತಿಳಿದಿರಬೇಕು. ಪೀಸಿಲೋಥೀರಿಯಾ ಪ್ರಭೇದಗಳ ಬೆನ್ನ ಮೇಲಿನ ಚಿತ್ತಾರ ಬಹುಪಾಲು ಒಂದೇ ತೆರ, ಬೇರೆ ಮಾಡುವುದು ಕಾಲುಗಳ ಅಡಿಮೈಯ ಹಳದಿ, ಬಿಳಿ, ಕಪ್ಪು ಪಟ್ಟೆಗಳು. ಪೀಸಿಲೋಥೀರಿಯಾ ರೀಗಾಲಿಸ್‌ಗೆ ಹೊಟ್ಟೆಯಡಿ ಅಡ್ಡಕ್ಕೆ ಮಸುಕು ಪಟ್ಟಿಯೂ ಇರುತ್ತದೆ. ಮೇಲಿನಿಂದ ತೆಗೆದ ನೂರು ಪಟಕ್ಕಿಂತ ಗಾಜಿನ ಮೇಲೆ ಕೂತ ಜೇಡವನ್ನು ಗಾಜಿನ ಹಿಂದಿನಿಂದ ತೆಗೆದ, ಅಡಿಮೈ ಕಾಣುವ ಒಂದು ಪಟ ಉಪಯೋಗಕ್ಕೆ ಬರುತ್ತದೆ.

ಅಳತೆಗಳು ಮಿಲಿಮೀಟರಿನಲ್ಲಿ: ಕವಚದ ಉದ್ದ ಅಗಲ, ಕಣ್ಣುಗಳ ವ್ಯಾಸ ಮತ್ತು ನಡುವಿನ ಅಂತರ, ಪ್ರತಿ ಕಾಲಿನ ಐದು ಗೆಣ್ಣುಗಳು ಪ್ರತ್ಯೇಕ. ಒಟ್ಟು ಉದ್ದ ಹೇಳುವಾಗ ಕೋರೆ ಸೇರಿದೆಯೋ ಇಲ್ಲವೋ ಬರೆಯದಿದ್ದರೆ ಆ ಅಂಕಿ ದಂಡ. ವೀರ್ಯಸಂಚಿಯನ್ನು ಬಿಡಿಸಿ ತೆಗೆದು ಲವಂಗದ ಎಣ್ಣೆಯಲ್ಲಿ ಇಲ್ಲವೇ ಲ್ಯಾಕ್ಟಿಕ್ ಆಮ್ಲದಲ್ಲಿ ಇಟ್ಟರೆ ಅಂಗಾಂಶ ಪಾರದರ್ಶಕವಾಗಿ ಆಕಾರ ತೋರುತ್ತದೆ. ಆಗ ಚಿತ್ರ ಬರೆಯಬೇಕು.

ಹೆಸರು ಊರ್ಜಿತವಾಗಲು ಕನಿಷ್ಠ ಇಷ್ಟು ಬೇಕು: ಲ್ಯಾಟಿನ್ ಅಕ್ಷರದ ಹೆಸರು, ಇದು ಹೊಸ ಪ್ರಭೇದ ಎಂಬ ಸ್ಪಷ್ಟ ಮಾತು, ಬೇರೆಯವುಗಳಿಂದ ಹೇಗೆ ಭಿನ್ನ ಎಂಬ ವಿವರಣೆ, ಒಂದು ಮಾದರಿಯನ್ನು ಹೋಲೋಟೈಪ್ (ಆ ಹೆಸರಿನ ಮೂಲಮಾದರಿ) ಎಂದು ಗೊತ್ತುಮಾಡುವುದು, ಅದು ಯಾವ ಸಂಗ್ರಹದಲ್ಲಿದೆ ಎಂಬ ಉಲ್ಲೇಖ. ಅಂತರ್ಜಾಲದಲ್ಲಷ್ಟೇ ಬರುವ ಪ್ರಕಟಣೆಯಾದರೆ 2012ರಿಂದ ಪ್ರಾಣಿಗಳ ಹೆಸರುಗಳ ಅಧಿಕೃತ ಆನ್‌ಲೈನ್ ದಾಖಲೆಯಾದ ಝೂಬ್ಯಾಂಕಿನಲ್ಲಿ ನೋಂದಣಿಯೂ ಬೇಕು. ಭಾರತದಲ್ಲಿ ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಹೊಸ ಪ್ರಭೇದವನ್ನು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿ ಒಪ್ಪಿಸಬೇಕು. ಪ್ರಾಣಿಗಳಿಗೆ ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣೆ ಅಂಥ ಭಂಡಾರ. ಜೋಯಿಡಾದ ಕಾಡಿನಿಂದ ಮಾದರಿ ಎತ್ತಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲು ಬೇಕು. ಅದಿಲ್ಲದೆ ಹಿಡಿದದ್ದನ್ನು ಪ್ರಕಟಿಸಲು ಜವಾಬ್ದಾರಿಯುತ ಸಂಪಾದಕರು ಒಪ್ಪುವುದಿಲ್ಲ. ಅನುಮತಿ ಸಾಮಾನ್ಯವಾಗಿ ಸಿಗುವುದು ಸಂಸ್ಥೆಯಲ್ಲಿರುವ ಸಂಶೋಧಕರಿಗೆ. ಹಾಗಾಗಿ ಅವರನ್ನು ಜೊತೆ ಮಾಡಿಕೊಳ್ಳುವುದೇ ನಿಮಗೆ ನೇರ ದಾರಿ, ಸಹಲೇಖಕರಾಗಿ ನಿಮ್ಮ ಹೆಸರು ಬರುವ ಮಾತನ್ನು ಮೊದಲೇ ಆಡಿಕೊಳ್ಳಿ.

ಹೆಸರಿನ ವ್ಯಾಕರಣವನ್ನೂ ನೋಡಿಕೊಳ್ಳಿ. ವಿಶೇಷಣವಾದರೆ ಕುಲದ ಲಿಂಗಕ್ಕೆ ಹೊಂದಬೇಕು: ಪೀಸಿಲೋಥೀರಿಯಾ ಸ್ತ್ರೀಲಿಂಗ, ಆದ್ದರಿಂದ ಸ್ಟ್ರಿಯಾಟಾ, ಮೆಟಾಲಿಕಾ. ಥ್ರಿಗ್ಮೋಪಿಯಸ್ ಪುಲ್ಲಿಂಗ, ಆದ್ದರಿಂದ ಟ್ರುಕ್ಯುಲೆಂಟಸ್. ಗಂಡಸಿನ ಗೌರವಕ್ಕಾದರೆ ಕೊನೆಗೆ ಐ, ಹೆಂಗಸಿಗೆ ಎಇ. ಊರಿನ ಹೆಸರನ್ನು ನಾಮಪದವಾಗಿ ಹಾಗೇ ಇಟ್ಟರೆ ಯಾವ ಪ್ರತ್ಯಯದ ಗೋಜೂ ಇಲ್ಲ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದನ್ನು ನಿಯಮಾವಳಿ ತಡೆಯುವುದಿಲ್ಲ, ಆದರೆ ನಗೆಪಾಟಲಾಗುವುದು ನಿಶ್ಚಿತ. ಪ್ರಬಂಧ ಹೊರಬರುವ ಮುನ್ನ ಹೆಸರನ್ನು ದಿನಪತ್ರಿಕೆಗೂ ವಾಟ್ಸಾಪಿಗೂ ಕೊಡಬೇಡಿ. ವಿವರಣೆಯಿಲ್ಲದೆ ಅಚ್ಚಾದ ಹೆಸರಿಗೆ ಬೆಲೆಯಿಲ್ಲ, ಮುಂದೆ ಗೊಂದಲಕ್ಕಷ್ಟೇ ದಾರಿ.

ಪ್ರಶ್ನೆ: ಈಗೆಲ್ಲ ಡಿಎನ್‌ಎ ಬಾರ್‌ಕೋಡ್ ಇರುವಾಗ ಕೂದ್ಲು, ಕಣ್ಣು ಎಣಿಸುವುದು ಏಕೆ? – ಕುಮಟಾ

ಉತ್ತರ: ಬಾರ್‌ಕೋಡಿಗೆ ಓದುವುದು ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರಗಳ ತುಂಡನ್ನು. ಅದನ್ನು ಹೋಲಿಸಲು ಹೆಸರು ಖಚಿತವಾದ ಜೇಡದ ಅಕ್ಷರಗಳು ಭಂಡಾರದಲ್ಲಿರಬೇಕು. 1899ರ ಹೆಸರುಗಳಿಗೆಲ್ಲ ಅಂಥ ಜೋಡಿ ಇನ್ನೂ ಸಿದ್ಧವಿಲ್ಲ, ತಪ್ಪು ಹೆಸರಿನಡಿ ಸೇರಿದವೂ ಉಂಟು. ಇನ್ನೊಂದು ತೊಡಕು ಟರಂಟುಲಾದ ಬದುಕಿನದೇ. ಮರಿಗಳು ತಾಯಿಯ ಬಿಲದಿಂದ ಬಹುದೂರ ಹೋಗುವುದಿಲ್ಲ, ಗಾಳಿಯಲ್ಲಿ ನೂಲು ಬಿಟ್ಟು ಹಾರುವ ಸಣ್ಣ ಜೇಡಗಳ ಹಾಗಲ್ಲ. ಹೆಣ್ಣು ಕೂತಲ್ಲೇ ಕೂರುತ್ತದೆ. ಹೀಗಾಗಿ ಹೊಳೆಯ ಆಚೆ ಈಚೆಯ ಗುಂಪುಗಳಲ್ಲೇ ಸಿಒಐ ವ್ಯತ್ಯಾಸ ದೊಡ್ಡದಾಗಿ ಬೆಳೆದಿರುತ್ತದೆ. ಅಘನಾಶಿನಿಯ ದಕ್ಷಿಣದ್ದೂ ಉತ್ತರದ್ದೂ ಬೇರೆ ಅಕ್ಷರ ತೋರಿಸಿದ ಮಾತ್ರಕ್ಕೆ ಎರಡು ಪ್ರಭೇದ ಎಂದರೆ, ಹೊಳೆಗೊಂದು ಹೆಸರು ಕೊಡಬೇಕಾದೀತು. ಡಿಎನ್‌ಎ, ವೀರ್ಯಸಂಚಿ, ಬಲ್ಬ್, ನೆಲೆ, ಇವು ಒಂದೇ ಕಡೆ ಬೆರಳು ತೋರಿಸಿದಾಗ ನಂಬಿ. ಡಿಎನ್‌ಎ ನಿಜವಾಗಿ ನೆರವಾಗುವುದು ಒಂಟಿಯಾಗಿ ಸಿಕ್ಕ ಗಂಡನ್ನು ಅದರದೇ ಪ್ರಭೇದದ ಹೆಣ್ಣಿನ ಜೊತೆ ಜೋಡಿಸಲು. ಮಳೆಗಾಲದಲ್ಲಿ ಅಂಗಳಕ್ಕೆ ಬರುವ, ಉದ್ದ ಕಾಲಿನ, ಸಣ್ಣ ಹೊಟ್ಟೆಯ ಗಂಡಿಗೂ ಧರೆಯೊಳಗಿನ ದಪ್ಪ ಹೆಣ್ಣಿಗೂ ಹೊರನೋಟಕ್ಕೆ ಸಂಬಂಧವೇ ಕಾಣುವುದಿಲ್ಲ.

ಪ್ರಶ್ನೆ: ಸಿಕ್ಕ ಜಾಗವನ್ನು ಅಂತರ್ಜಾಲದಲ್ಲಿ ಹಾಕಬಹುದೇ? ಮರದ ಟರಂಟುಲಾಕ್ಕೆ ಬೆಲೆ ಹೇಳಿ ಒಬ್ಬರು ಫೋನ್ ಮಾಡಿದ್ದರು. – ಭಟ್ಕಳ

ಉತ್ತರ: ಆ ಫೋನಿನ ಕಾರಣಕ್ಕೇ ನಿಖರ ಜಾಗ ಹಾಕಬೇಡಿ. ಕಂಡ ಜೀವಿಗಳ ಪಟ ಹಾಕುವ ಐನ್ಯಾಚುರಲಿಸ್ಟ್ ತಾಣದಲ್ಲಿ ಸ್ಥಳವನ್ನು ಮಸುಕು ಮಾಡುವ ಆಯ್ಕೆ ಇದೆ, ಅದನ್ನು ಒತ್ತಿ. ನಿಖರ ಅಂಕಿ ನಿಮ್ಮ ಟಿಪ್ಪಣಿಯಲ್ಲಿರಲಿ. ಪೀಸಿಲೋಥೀರಿಯಾ ಕುಲವಿಡೀ 2019ರಲ್ಲಿ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿತು. 2022ರ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸೈಟಿಸ್ ಪಟ್ಟಿಯ ಪ್ರಾಣಿಗಳನ್ನು ನಾಲ್ಕನೆಯ ಅನುಸೂಚಿಗೆ ತಂದಿದೆ. ಕಾಡಿನಿಂದ ಹಿಡಿದು ಮಾರುವುದು ಅಪರಾಧ. ಫೋನ್ ಸಂಖ್ಯೆಯನ್ನು ವಲಯ ಅರಣ್ಯಾಧಿಕಾರಿಗೆ ಕೊಡಿ.

ಪ್ರಶ್ನೆ: ಕಚ್ಚಿದರೆ? – ಮುಂಡಗೋಡ

ಉತ್ತರ: ನಮ್ಮ ಟರಂಟುಲಾಗಳಿಗೆ ಅಮೆರಿಕದವುಗಳ ಹಾಗೆ ಉದುರಿಸಿ ತುರಿಕೆ ತರುವ ಕೂದಲಿಲ್ಲ. ಅವು ಹೆದರಿದರೆ ಮುಂಗಾಲೆತ್ತಿ ನಿಲ್ಲುತ್ತವೆ, ಆಮೇಲೂ ಬಿಡದಿದ್ದರೆ ಕಚ್ಚುತ್ತವೆ. ಪೀಸಿಲೋಥೀರಿಯಾ ಕಚ್ಚಿದರೆ ತೀವ್ರ ನೋವು, ಬಾವು, ಕೆಲವರಿಗೆ ದಿನಗಟ್ಟಲೆ ಮರುಕಳಿಸುವ ಸ್ನಾಯುಸೆಳೆತ. ಗಾಯವನ್ನು ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಉಂಗುರ ಬಳೆ ತೆಗೆದು ಆಸ್ಪತ್ರೆಗೆ ಹೋಗಿ. ಕಟ್ಟು ಬಿಗಿಯುವುದು, ಕೊಯ್ಯುವುದು, ಚೀಪುವುದು ಬೇಡ. ಹಾವಿನ ಚುಚ್ಚುಮದ್ದು ಇದಕ್ಕೆ ಕೆಲಸ ಮಾಡುವುದಿಲ್ಲ, ಚಿಕಿತ್ಸೆ ನೋವು ಮತ್ತು ಸೆಳೆತಕ್ಕೆ. ಕಚ್ಚಿದ್ದು ಜೇಡವೇ ಎಂದು ಕಣ್ಣಾರೆ ನೋಡಿದ್ದರೆ ವೈದ್ಯರಿಗೆ ಹಾಗೆ ಹೇಳಿ. ನೋಡಿರದಿದ್ದರೆ ಹಾವು ಕಚ್ಚಿರುವ ಸಾಧ್ಯತೆಯನ್ನೂ ಅವರು ಪರೀಕ್ಷಿಸಲಿ.